ಓದುಗರ ಪ್ರಶ್ನೆ: ರೊಕ್ಕ ಕಟ್ಟಿದರೆ ಹಳ್ಳ ಹೊಲಸು ಮಾಡಬಹುದೇನ್ರಿ?

“ಸರ್, ಹೊಲಸು ನೀರಿಗೆ ರೇಟು ಕಟ್ಟಿದರೆ, ರೊಕ್ಕ ಇದ್ದವರಿಗೆ ಹಳ್ಳ ಕೆಡಿಸೋಕೆ ಪರ್ಮಿಷನ್ ಕೊಟ್ಟಂಗ ಆಗ್ತದಲ್ರಿ?”

ಈ ಪ್ರಶ್ನೆ ಈ ಸಲ ಶಹಾಬಾದಿನಿಂದ ಬಂದಿದೆ. ಹೋದ ತಿಂಗಳು ಸೇಡಂನಿಂದ ಬಂದಿತ್ತು. ಅದಕ್ಕೂ ಮೊದಲು ಬೀದರಿನ ಒಬ್ಬ ಹುಡುಗಿ, ಕೆಎಎಸ್ ಪರೀಕ್ಷೆಗೆ ಓದುತ್ತಿರುವವಳು, ಇದನ್ನೇ ಕೇಳಿದ್ದಳು. ಕಲಬುರಗಿಯಲ್ಲಂತೂ ಸಂಜೆ ಅಪ್ಪನ ಕೆರೆ ಕಡೆ ವಾಕಿಂಗ್ ಹೋದರೆ ಯಾರಾದರೂ ಒಬ್ಬರು ನಿಲ್ಲಿಸಿ ಕೇಳೇ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ದಯವಿಟ್ಟು ಇದನ್ನೇ ಓದಲು ಕೊಡಿ.

ನೀರು ಕೆಡದಂತೆ ನೋಡಿಕೊಳ್ಳಲು ಸರ್ಕಾರಕ್ಕೆ ಎರಡು ದಾರಿ ಇವೆ. ಒಂದು, ಇಷ್ಟೇ ಬಿಡಬೇಕು, ಜಾಸ್ತಿ ಬಿಟ್ಟರೆ ಕೇಸು ಅನ್ನುವುದು. ಇನ್ನೊಂದು, ಬಿಟ್ಟ ಹೊಲಸಿಗೆ ಕಿಲೋ ಲೆಕ್ಕದಲ್ಲಿ ಹಣ ವಸೂಲಿ ಮಾಡುವುದು. ಅಥವಾ ಒಂದು ಹಳ್ಳಕ್ಕೆ ಒಟ್ಟು ಇಷ್ಟೇ ಅಂತ ಮಿತಿ ಹಾಕಿ, ಆ ಮಿತಿಯೊಳಗಿನ ಪಾಲನ್ನು ಕಾರ್ಖಾನೆಗಳು ತಮ್ಮತಮ್ಮಲ್ಲೇ ಕೊಂಡು ಮಾರಲು ಬಿಡುವುದು. ಈ ಎರಡನೇ ದಾರಿಗೆ ಮಾರುಕಟ್ಟೆ ದಾರಿ ಅಂತ ಹೆಸರು. ಆ ಹೆಸರು ಕಿವಿಗೆ ಬಿದ್ದ ಕೂಡಲೇ ನಮ್ಮ ಜನಕ್ಕೆ ಸಿಟ್ಟು ಬರುತ್ತದೆ. ನೀರನ್ನೂ ಮಾರಾಟಕ್ಕೆ ಇಟ್ಟರು ಅಂತಾರೆ. ಆ ಸಿಟ್ಟಿನ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದರೊಳಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ.

ಏನದು? ಈಗ ಯಾರಿಗೂ ಪರ್ಮಿಷನ್ ಇಲ್ಲ, ರೇಟು ಕಟ್ಟಿದ ಮೇಲೆ ಸಿಗುತ್ತದೆ ಅನ್ನುವುದು. ಅದು ಹಾಗಿಲ್ಲ. ಪರ್ಮಿಷನ್ ಕೊಟ್ಟು ಎಷ್ಟೋ ವರ್ಷ ಆಯಿತು. 1974ರ ಜಲ ಮಾಲಿನ್ಯ ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಗದ ಇಲ್ಲದೆ ಯಾವ ಕಾರ್ಖಾನೆಯೂ ನೀರು ಹೊರಗೆ ಬಿಡುವಂತಿಲ್ಲ. ಆ ಕಾಗದಕ್ಕೆ ಎಲ್ಲರೂ ಏನಂತಾರೆ? ಕನ್ಸೆಂಟ್. ಹಾಗಂದರೆ ಒಪ್ಪಿಗೆ ಅಂತಾನೇ ಅಲ್ವಾ?

ಆ ಒಪ್ಪಿಗೆಯಲ್ಲಿ ಏನು ಬರೆದಿರುತ್ತದೆ ನೋಡಿ. ಹಳ್ಳಕ್ಕೋ ನದಿಗೋ ಬಿಡುವ ನೀರಿನಲ್ಲಿ ಬಿಒಡಿ ಸಾಮಾನ್ಯವಾಗಿ ಒಂದು ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಬಿಒಡಿ ಅಂದರೆ ನೀರಿನೊಳಗಿನ ಹೊಲಸನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ. ಒಬ್ಬೊಬ್ಬರಿಗೆ ಲೀಟರಿಗೆ ಇಷ್ಟು, ದಿನಕ್ಕೆ ಇಷ್ಟು ಲೀಟರು ಅಂತ ಹೇಳಿದರೇ ಹೊರತು ಹಳ್ಳಕ್ಕೆ ಒಟ್ಟು ಎಷ್ಟು ಕಿಲೋ ಬಿತ್ತು, ಅದೇ ಹಳ್ಳಕ್ಕೆ ಇನ್ನೂ ಯಾರ್ಯಾರು ಬಿಡುತ್ತಾರೆ ಅನ್ನುವುದನ್ನು ಕೂಡಿಸಿ ನೋಡುವವರಿಲ್ಲ. ಒಂದು ಕಾರ್ಖಾನೆ ದಿನಕ್ಕೆ 10 ಲಕ್ಷ ಲೀಟರು ಬಿಟ್ಟರೆ, 30ರ ಲೆಕ್ಕದಲ್ಲೇ ಹಳ್ಳದ ಮೇಲೆ 30 ಕಿಲೋ ಭಾರ ಬಿತ್ತು. ಅಂಥವು ಹತ್ತು ಬಂದರೆ 300 ಕಿಲೋ. ಹತ್ತೂ ಕಾನೂನು ಪ್ರಕಾರವೇ ನಡೆಯುತ್ತಿವೆ. ಹತ್ತರದ್ದೂ ಕಾಗದ ಸರಿ ಇದೆ. ಹಳ್ಳ ಸತ್ತಿದೆ.

ಇನ್ನೊಂದು ಮಾತು. ಹೊರಗೆ ಬಿಟ್ಟ ನೀರಿಗೆ ಹರಿಯುವ ನೀರು ಸೇರಿ ತಿಳಿಯಾಗುತ್ತದೆ ಅನ್ನುವ ನಂಬಿಕೆ ಈ 30ರ ಹಿಂದೆ ಇದೆ. ಜನ ಇಳಿದು ಸ್ನಾನ ಮಾಡುವ ನೀರಿಗೆ ಬಿಒಡಿ 3 ದಾಟಬಾರದು ಅಂತ ಕೇಂದ್ರ ಮಂಡಳಿಯೇ ಹೇಳುತ್ತದೆ. 30ಕ್ಕೂ 3ಕ್ಕೂ ನಡುವಿನ ಅಂತರವನ್ನು ನದಿ ತುಂಬಿಕೊಡಬೇಕು. ಏಪ್ರಿಲ್‌ನಲ್ಲಿ ನಮ್ಮ ಕಾಗಿಣಾ ನದಿ ನೋಡಿದ್ದೀರಲ್ಲ? ಬಂಡೆಗಲ್ಲಿನ ನಡುವೆ ಅಲ್ಲಲ್ಲಿ ನಿಂತ ನೀರು. ಅದು ಯಾರ ಹೊಲಸನ್ನು ತಿಳಿ ಮಾಡಬೇಕು?

ಈಗ ಮಿತಿ ಹಾಕಿ ಪಾಲು ಹಂಚುವ ದಾರಿಯನ್ನು ಲೆಕ್ಕದಲ್ಲೇ ನೋಡೋಣ. ಲೆಕ್ಕ ಕಂಡರೆ ಹೆದರಬೇಡಿ, ಪಿಯುಸಿ ಮಕ್ಕಳು ಎರಡು ನಿಮಿಷದಲ್ಲಿ ಮಾಡುತ್ತಾರೆ. ಒಂದೇ ಹಳ್ಳದ ಮೇಲೆ ಎರಡು ಕಾರ್ಖಾನೆ ಇವೆ ಅಂದುಕೊಳ್ಳಿ. ಎರಡೂ ದಿನಕ್ಕೆ 100 ಕಿಲೋ ಬಿಡುತ್ತಿವೆ. ಇನ್ನು ಮೇಲೆ ಒಟ್ಟು 100 ಮಾತ್ರ, ತಲೆಗೆ 50 ಅಂತ ಮಿತಿ ಬಂತು. ಮೊದಲನೆಯದು ಹೊಸದು, ಒಂದು ಕಿಲೋ ತೆಗೆಯಲು ಅದಕ್ಕೆ 10 ರೂಪಾಯಿ ಸಾಕು. ಎರಡನೆಯದು ಹಳೆಯದು, 40 ರೂಪಾಯಿ ಬೇಕು. ಇಬ್ಬರೂ 50 ಕಿಲೋ ತೆಗೆದರೆ ಖರ್ಚು 500 ಮತ್ತು 2,000, ಕೂಡಿ 2,500. ಅದರ ಬದಲು ಹೊಸದು 80 ತೆಗೆಯಲಿ, ಹಳೆಯದು 20 ತೆಗೆಯಲಿ. ಖರ್ಚು 800 ಮತ್ತು 800, ಕೂಡಿ 1,600. ಹೊಸಬ ಜಾಸ್ತಿ ತೆಗೆದ 30 ಕಿಲೋಗೆ ಹಳಬ ರೊಕ್ಕ ಕೊಡುತ್ತಾನೆ. ಎರಡೂ ಲೆಕ್ಕದಲ್ಲಿ ಹಳ್ಳಕ್ಕೆ ಬಂದದ್ದು ಎಷ್ಟು? 100 ಕಿಲೋ. ಮೊದಲು ಬರುತ್ತಿದ್ದ 200ರಲ್ಲಿ ಅರ್ಧ. ರೊಕ್ಕ ಕೈ ಬದಲಾಯಿತು, ಮಿತಿ ಒಂದು ಗ್ರಾಂ ಕೂಡ ಅಲುಗಾಡಲಿಲ್ಲ. ದುಡ್ಡಿದ್ದವನು ಕೊಳ್ಳುವುದು ಇನ್ನೊಬ್ಬರು ಬಿಟ್ಟುಕೊಟ್ಟ ಪಾಲನ್ನು. ಇನ್ನೊಬ್ಬರು ಬಿಟ್ಟುಕೊಡದೆ ಅವನಿಗೆ ಒಂದು ಕಿಲೋನೂ ಸಿಗುವುದಿಲ್ಲ.

ಇದು ಬರೀ ಬೋರ್ಡಿನ ಮೇಲಿನ ಲೆಕ್ಕ ಅಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2002ರಲ್ಲಿ ಊರುಗಳ ಚರಂಡಿ ನೀರಿನ 79 ಶುದ್ಧೀಕರಣ ಘಟಕಗಳನ್ನು ಸಾರಜನಕದ ಇಂಥದ್ದೇ ಮಾರುಕಟ್ಟೆಗೆ ತಂದರು. ಎಲ್ಲರ ನೀರೂ ಕೊನೆಗೆ ಸೇರುವುದು ಒಂದೇ ಕೊಲ್ಲಿಗೆ. ಸಾರಜನಕ ಜಾಸ್ತಿಯಾಗಿ ಬೇಸಿಗೆಯಲ್ಲಿ ಅಲ್ಲಿನ ನೀರಿನ ಆಮ್ಲಜನಕ ಇಳಿದು ಮೀನು ಸಾಯುತ್ತಿದ್ದವು. ನಮ್ಮ ದೇಶದಲ್ಲೂ ಸೂರತ್‌ನಲ್ಲಿ 2019ರಿಂದ ಚಿಮಣಿ ಹೊಗೆಯ ಕಣಗಳಿಗೆ ಇದೇ ಪದ್ಧತಿ ಮಾಡಿ ನೋಡಿದ್ದಾರೆ. ಹೊಗೆ ಇಳಿಯಿತು. ಕನೆಕ್ಟಿಕಟ್‌ನಲ್ಲಿ ಪಾಲು ಕೊಂಡು ಮಾರಿದವರು ಊರಿನ ಆಡಳಿತಗಳು ಅನ್ನುವುದನ್ನು ಗಮನಿಸಿ. ಹೊಲಸು ಅಂದ ಕೂಡಲೇ ನಾವು ಕಾರ್ಖಾನೆ ಕಡೆ ಕೈ ತೋರಿಸುತ್ತೇವೆ. ನಮ್ಮ ಮನೆಗಳ ಚರಂಡಿ ನೀರಿನ ಬಿಒಡಿ 200ರಿಂದ 300 ಇರುತ್ತದೆ. ಅದೂ ಹಳ್ಳಕ್ಕೇ ಹೋಗುತ್ತದೆ.

ಹಾಗಾದರೆ ರೇಟು ಕಟ್ಟಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದಾ? ಇಲ್ಲ, ರೇಟಿಗೂ ತಾಕತ್ತು ಬೇಕು. ನಾವೇ ಒಮ್ಮೆ ಕಟ್ಟಿ ನೋಡಿದ್ದೇವೆ. 1977ರಲ್ಲಿ ನೀರಿನ ಸೆಸ್ ಕಾಯ್ದೆ ಬಂತು. ಕಾರ್ಖಾನೆಗಳು ಬಳಸುವ ನೀರಿಗೆ ತೆರಿಗೆ, ಶುದ್ಧೀಕರಣ ಘಟಕ ಹಾಕಿ ಸರಿಯಾಗಿ ನಡೆಸಿದವರಿಗೆ ರಿಯಾಯಿತಿ. ಯೋಚನೆ ಒಳ್ಳೆಯದೇ. ಆದರೆ ರೇಟು ಸಾವಿರ ಲೀಟರಿಗೆ ಪೈಸೆ ಲೆಕ್ಕದಲ್ಲಿತ್ತು. ಘಟಕ ನಡೆಸುವ ಕರೆಂಟ್ ಬಿಲ್ಲಿನ ಮುಂದೆ ಆ ಪೈಸೆ ಎಲ್ಲಿ ನಿಲ್ಲಬೇಕು? ಜಿಎಸ್‌ಟಿ ಬಂದಾಗ, 2017ರಲ್ಲಿ, ಆ ಸೆಸ್ಸೂ ಹೋಯಿತು. ನೆದರ್ಲೆಂಡ್ಸ್‌ನಲ್ಲಿ 1970ರಿಂದ ಹೊರಗೆ ಬಿಡುವ ಹೊಲಸಿಗೇ ಶುಲ್ಕ ಹಾಕಿದರು. ಊರಿನ ಘಟಕಗಳಿಗೆ ದುಡ್ಡು ಕೂಡಿಸಲು ಶುರು ಮಾಡಿದ್ದು ಅದು. ವರ್ಷ ವರ್ಷ ರೇಟು ಏರಿತು. ಕಟ್ಟುವುದಕ್ಕಿಂತ ಕಡಿಮೆ ಬಿಡುವುದೇ ಅಗ್ಗ ಅಂತ ಕಾರ್ಖಾನೆಗಳಿಗೆ ಗೊತ್ತಾಯಿತು, ನದಿಗೆ ಬರುವ ಹೊಲಸು ತಾನಾಗೇ ಇಳಿಯಿತು.

ಓದುಗರ ಭಯದಲ್ಲಿ ನಿಜ ಇರುವುದು ಬೇರೆ ಕಡೆ. ನನ್ನ ಲೆಕ್ಕದ ಹಳೇ ಕಾರ್ಖಾನೆ ಹಳ್ಳದ ಮೇಲ್ಗಡೆ ಇದ್ದು, ಅದರ ಕೆಳಗೇ ಒಂದು ಊರಿನ ಕುಡಿಯುವ ನೀರು ಎತ್ತುವ ಬಾವಿ, ಅಂದರೆ ಜಾಕ್‌ವೆಲ್, ಇದ್ದರೆ? ಒಟ್ಟು ಅರ್ಧ ಆದರೂ ಆ ಊರಿನ ಪಾಲಿಗೆ 80 ಕಿಲೋ ಬಂತು. ಅದಕ್ಕೇ ಕನೆಕ್ಟಿಕಟ್‌ನಲ್ಲಿ ಎಲ್ಲ ಕಿಲೋಗೂ ಒಂದೇ ಬೆಲೆ ಇಲ್ಲ. ಘಟಕ ಎಲ್ಲಿದೆ ನೋಡಿ ಲೆಕ್ಕ ಬದಲಾಗುತ್ತದೆ.

ಇನ್ನು ಅಳತೆ. ನಮ್ಮ ಕಾಳಿನ ಮಾರುಕಟ್ಟೆ ಗಂಜ್‌ನಲ್ಲಿ ತೊಗರಿ ಹೇಗೆ ಮಾರುತ್ತದೆ ನೋಡಿ. ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತಾರೆ. ಅಂಗೈ ಮೇಲೆ ಹರಡುತ್ತಾರೆ, ಒಂದು ಕಾಳು ಹಲ್ಲಲ್ಲಿ ಕಡಿಯುತ್ತಾರೆ. ಆಮೇಲೆ ತೂಕ. ಇಷ್ಟೆಲ್ಲ ಆಗದೆ ಒಬ್ಬನೂ ರೇಟು ಹೇಳುವುದಿಲ್ಲ. ಹೊಲಸು ನೀರಿಗೂ ಇದೇ ಶ್ರದ್ಧೆ ಬೇಕು. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಗೆ ನಾನು ಒಂದು ಕೆಲಸ ಕೊಡುತ್ತೇನೆ. ಗಾಜಿನ ಬಾಟಲಿಯಲ್ಲಿ ಊರ ಹೊಲಸು ಹರಿಯುವ ನಾಲೆಯ ನೀರು ತುಂಬಬೇಕು, ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ಮುಚ್ಚಳ ಹಾಕಬೇಕು. ಅದಕ್ಕೆ ಎರಡು ದ್ರಾವಣ ಸೇರಿಸಿದರೆ ಒಳಗೆ ಮೋಡದಂತೆ ಗಸಿ ಕಟ್ಟುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಗಸಿ ಕಂದು ಬಣ್ಣ. ಇಲ್ಲದಿದ್ದರೆ ಹಾಲಿನಂಥ ಬಿಳಿ. ಬಾವಿ ನೀರಿನ ಕಂದು ಬಾಟಲಿ ಪಕ್ಕದಲ್ಲಿ ನಾಲೆಯ ಬಿಳಿ ಬಾಟಲಿ ಇಟ್ಟ ದಿನ ಕ್ಲಾಸಿನಲ್ಲಿ ಯಾರೂ ಮಾತಾಡುವುದಿಲ್ಲ. ಆ ಹುಡುಗರಲ್ಲಿ ಮೂವರು ಈಗ ನೀರಿನ ಲ್ಯಾಬ್‌ಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಹೇಳಿಕೊಳ್ಳಲು ನನಗೆ ಹೆಮ್ಮೆಯೇ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಜಾಸ್ತಿ ಕಾಡುತ್ತದೆ. ಹೊಲಸಿನ ಕಿಲೋ ಅದಲುಬದಲು ಮಾಡಬಹುದು, ಸರಿ. ಕೆರೆಯನ್ನೇ ಅದಲುಬದಲು ಮಾಡಬಹುದಾ? ಒಂದು ಕೆರೆ ಮುಚ್ಚಿ ಲೇಔಟ್ ಮಾಡಿ, ಇನ್ನೊಂದು ಕಡೆ ಅಷ್ಟೇ ಎಕರೆ ತೋಡಿದರೆ ಲೆಕ್ಕ ಚುಕ್ತಾ ಆಯಿತಾ?

ಅಮೆರಿಕದಲ್ಲಿ ಇದಕ್ಕೂ ಬ್ಯಾಂಕ್ ಇದೆ. ಜೌಗು ಭೂಮಿಯನ್ನು ಸರಿಮಾಡಿದವರು ಕ್ರೆಡಿಟ್ ಗಳಿಸುತ್ತಾರೆ, ಬೇರೆ ಕಡೆ ಜೌಗು ಮುಚ್ಚುವವರು ಅದನ್ನು ಕೊಳ್ಳಬೇಕು. ಒಟ್ಟಿನಲ್ಲಿ ನಷ್ಟ ಆಗಬಾರದು ಅನ್ನುವುದು ಗುರಿ. 2001ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಕೂತು ನೋಡಿದಾಗ ಆ ಗುರಿ ಮುಟ್ಟಿಲ್ಲ ಅಂತ ಕಂಡಿತು. ಆಗದಿರುವುದಕ್ಕೆ ಕಾರಣ ನಮ್ಮ ಮಣ್ಣೇ ಹೇಳುತ್ತದೆ. ಕಲಬುರಗಿ, ಯಾದಗಿರಿಯ ಎರೆ ಭೂಮಿ ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಬಿಗಿಯಾಗುತ್ತದೆ, ಕೆಳಗೆ ನೀರು ಇಳಿಯುವುದು ಕಡಿಮೆ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಹಾಗಲ್ಲ. ತೂತು ತೂತಾದ ಕಲ್ಲು ಅದು, ಬಿದ್ದ ಮಳೆಯನ್ನು ಕುಡಿಯುತ್ತದೆ. ಅಲ್ಲಿ ಹತ್ತು ಎಕರೆ ಹೊಂಡ ಮುಚ್ಚಿ ಎರೆಯಲ್ಲಿ ಹತ್ತು ಎಕರೆ ತೋಡಿದರೆ ಕಾಗದದ ಮೇಲೆ ಸಮ. ಬೀದರಿನ ಬಾವಿಗಳಿಗೆ ಸಮ ಅಲ್ಲ. ಸುರಪುರದ ಅರಸರ ಕಾಲದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳಿಗೆ ಹೊಸ ಹೊಂಡದ ವಿಳಾಸ ಯಾರು ಕೊಡಬೇಕು?

ಕಾನೂನು ಕಾಪಾಡುತ್ತದೆ ಅಂತೀರಾ? 2017ರ ಜೌಗು ಪ್ರದೇಶ ನಿಯಮಗಳು ಒತ್ತುವರಿಗೂ ಹೊಲಸು ನೀರು ಬಿಡುವುದಕ್ಕೂ ತಡೆ ಹಾಕುತ್ತವೆ. ಆದರೆ ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಮನುಷ್ಯರು ಕಟ್ಟಿದ ಕೆರೆಗಳನ್ನು ಆ ನಿಯಮಗಳು ಹೊರಗೆ ಇಟ್ಟಿವೆ. ನಮ್ಮ ಕೆರೆಗಳಲ್ಲಿ ಬಹುತೇಕ ಯಾರು ಕಟ್ಟಿದ್ದು? ಮನುಷ್ಯರೇ.

ಹಾಗಾಗಿ ಕೆರೆಗಳ ವಿಷಯದಲ್ಲಿ ನನಗೆ ಒಪ್ಪಿಗೆಯಾಗುವ ಮಾರುಕಟ್ಟೆ ದಾರಿ ಒಂದೇ. ಇದ್ದದ್ದನ್ನು ಇದ್ದಲ್ಲೇ ಕಾಯುವವರಿಗೆ ಹಣ ಕೊಡುವುದು. 1997ರಲ್ಲಿ ನ್ಯೂಯಾರ್ಕ್ ನಗರ ಕೋಟಿಗಟ್ಟಲೆ ಡಾಲರಿನ ಶುದ್ಧೀಕರಣ ಘಟಕ ಕಟ್ಟುವ ಬದಲು, ತನ್ನ ನೀರು ಹುಟ್ಟುವ ಬೆಟ್ಟದ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಹೊಲದ ಗೊಬ್ಬರ, ಕೊಟ್ಟಿಗೆಯ ನೀರು ಹಳ್ಳಕ್ಕೆ ಹೋಗದಂತೆ ನೋಡಿಕೊಳ್ಳುವ ರೈತರ ಖರ್ಚನ್ನು ನಗರ ಹೊತ್ತಿತು. ಅದು ದಾನ ಅಲ್ಲ, ಅವರಿಗೆ ಅದೇ ಅಗ್ಗವಾಗಿತ್ತು.

ಬೀದರಿನ ನೌಬಾದ್‌ಗೆ ಹೋಗಿ ನೋಡಿ. ಬಹಮನಿ ಕಾಲದ ಕರೇಜ್ ಇದೆ, ಜನ ಸುರಂಗ ಬಾವಿ ಅಂತಾರೆ. ಜಂಬಿಟ್ಟಿಗೆ ಕಲ್ಲು ಕುಡಿದ ಮಳೆಯನ್ನು ನೆಲದೊಳಗಿನ ಸುರಂಗ ಯಾವ ಪಂಪೂ ಇಲ್ಲದೆ ಊರ ಕಡೆ ಹರಿಸುತ್ತಿತ್ತು. ಮೇಲೆ ಸಾಲಾಗಿ ಗಾಳಿ ಬಾವಿಗಳು. ಅಂಥದ್ದೊಂದು ಬಾವಿ ನಿಮ್ಮ ಪ್ಲಾಟಿನಲ್ಲಿ ಇದೆ ಅಂದುಕೊಳ್ಳಿ. ಅದನ್ನು ತೆರೆದಿಟ್ಟು, ಜಾಲರಿ ಹಾಕಿ, ಸುತ್ತ ಕಸ ಬೀಳದಂತೆ ನೋಡಿಕೊಂಡರೆ ನಿಮಗೆ ಇವತ್ತು ಒಂದು ರೂಪಾಯಿಯೂ ಬರುವುದಿಲ್ಲ. ಮಣ್ಣು ತುಂಬಿ ಮೇಲೆ ಎರಡು ಮಳಿಗೆ ಕಟ್ಟಿದರೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ.