ಎಲ್ಲವನ್ನೂ ಅನುಮಾನಿಸುವುದು ಜಾಣತನವೇ?

ಆಫ್ರಿಕಾದ ಪಶ್ಚಿಮ ಕರಾವಳಿಯ ಗ್ಯಾಬನ್ ದೇಶದ ಅಧ್ಯಕ್ಷರಾಗಿದ್ದ ಅಲಿ ಬೊಂಗೊ 2018ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾಕ್ಕೆ ಹೋದವರು ಅಲ್ಲೇ ಆಸ್ಪತ್ರೆ ಸೇರಿದರು. ಪಾರ್ಶ್ವವಾಯು ಬಡಿದಿತ್ತು. ಸರ್ಕಾರ ಮಾತ್ರ ಮೊದಲು ದಣಿವು ಎಂದಿತು, ಆಮೇಲೂ ಸರಿಯಾಗಿ ಬಾಯಿ ಬಿಡಲಿಲ್ಲ. ಅಧ್ಯಕ್ಷರು ಬದುಕಿದ್ದಾರೋ ಇಲ್ಲವೋ ಎಂಬ ಗುಸುಗುಸು ದೇಶದ ತುಂಬ ಹಬ್ಬಿತು. ಹೊಸ ವರ್ಷದ ಹೊತ್ತಿಗೆ ಅವರ ಭಾಷಣದ ವಿಡಿಯೊ ಹೊರಬಿತ್ತು. ನೋಡಿದವರಿಗೆ ಸಮಾಧಾನವಾಗುವ ಬದಲು ಗುಮಾನಿ ಹೆಚ್ಚಾಯಿತು. ಮುಖದಲ್ಲಿ ಬಿಗಿತ, ಭಾವ ಅಷ್ಟಕ್ಕಷ್ಟೇ, ಕಣ್ಣು ಮಿಟುಕಿಸುವುದು ಅಪರೂಪ. ಇದು ಡೀಪ್‌ಫೇಕ್, ಅಂದರೆ ಕೃತಕ ಬುದ್ಧಿಮತ್ತೆ (ಎಐ) ಹೆಣೆದ ನಕಲಿ ವಿಡಿಯೊ ಎಂದು ಕೆಲವರು ತೀರ್ಮಾನಿಸಿಯೇ ಬಿಟ್ಟರು.

ಕಣ್ಣಿನ ವಿಷಯ ಸ್ವಾರಸ್ಯದ್ದು. ಅದೇ ವರ್ಷ ಅಮೆರಿಕದ ಆಲ್ಬನಿ ವಿಶ್ವವಿದ್ಯಾಲಯದಲ್ಲಿದ್ದ ಸಿವೇ ಲ್ಯು ಅವರ ತಂಡ ಡೀಪ್‌ಫೇಕ್ ಪತ್ತೆಗೆ ಒಂದು ಗುರುತು ಹೇಳಿತ್ತು: ನಕಲಿ ಮುಖ ರೆಪ್ಪೆ ಬಡಿಯುವುದು ಬಹಳ ಕಡಿಮೆ. ಯಂತ್ರಕ್ಕೆ ಕಲಿಸಲು ಬಳಸುವುದು ಇಂಟರ್‌ನೆಟ್ಟಿನಲ್ಲಿ ಸಿಗುವ ಫೋಟೊಗಳನ್ನು. ಕಣ್ಣು ಮುಚ್ಚಿದ ಫೋಟೊ ಬಂದರೆ ನಾವು ಅಳಿಸಿ ಹಾಕುತ್ತೇವಲ್ಲ, ಹಾಗಾಗಿ ಮುಚ್ಚಿದ ಕಣ್ಣು ಹೇಗಿರುತ್ತದೆ ಎಂಬುದೇ ಯಂತ್ರಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಒಳ್ಳೆಯ ಗುರುತು. ಆದರೆ ಗುಟ್ಟು ಬಯಲಾದ ಮೇಲೆ ಡೀಪ್‌ಫೇಕ್ ಮಾಡುವವರು ಅದನ್ನು ಸರಿಪಡಿಸಿಕೊಳ್ಳಲು ಬಹಳ ದಿನ ಹಿಡಿಯಲಿಲ್ಲ. ಹಾಗೆ ನಕಲಿಗಳು ರೆಪ್ಪೆ ಬಡಿಯತೊಡಗಿದವು. ಇತ್ತ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬ ನಿಜ ಮನುಷ್ಯ, ರೆಪ್ಪೆ ಬಡಿಯದ ತಪ್ಪಿಗೆ ನಕಲಿ ಎನಿಸಿಕೊಂಡ.

2019ರ ಜನವರಿ 7ರಂದು ರಾಜಧಾನಿ ಲಿಬ್ರವಿಲ್‌ನಲ್ಲಿ ಸೈನಿಕರ ಒಂದು ಗುಂಪು ರೇಡಿಯೊ ಕೇಂದ್ರಕ್ಕೆ ನುಗ್ಗಿ ದಂಗೆ ಸಾರಿತು. ಅಧ್ಯಕ್ಷರು ಆಡಳಿತ ನಡೆಸಬಲ್ಲರೇ ಎಂಬ ಸಂಶಯವನ್ನು ಆ ಭಾಷಣ ಹೆಚ್ಚಿಸಿದೆ ಎಂಬುದು ಅವರು ಓದಿದ ಹೇಳಿಕೆಯಲ್ಲೇ ಇತ್ತು. ದಂಗೆ ಅಂದೇ ಅಡಗಿತು. ಆಮೇಲೆ ವಿಡಿಯೊವನ್ನು ಪರೀಕ್ಷಿಸಿದ ತಜ್ಞರಿಗೆ ತಿದ್ದಿದ ಗುರುತೇನೂ ಸಿಗಲಿಲ್ಲ. ಆಗಸ್ಟ್‌ನಲ್ಲಿ ಬೊಂಗೊ ಸಾರ್ವಜನಿಕವಾಗಿ ಕಾಣಿಸಿಕೊಂಡರು. ಮುಖ್ಯ ತಪ್ಪು ಸರ್ಕಾರದ ಮೌನದ್ದು ಎಂದೇ ನನ್ನ ಅಭಿಪ್ರಾಯ. ಆದರೂ ಆ ಮೌನಕ್ಕೆ ಹೊಸದೊಂದು ಉರುವಲು ಸಿಕ್ಕಿತ್ತು. ಡೀಪ್‌ಫೇಕ್ ಎಂಬುದೊಂದು ಇದೆ ಎನ್ನುವ ತಿಳಿವಳಿಕೆಯೇ ಆ ಉರುವಲು.

ಹೀಗಾಗಬಹುದೆಂದು ರಾಬರ್ಟ್ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಎಂಬ ಇಬ್ಬರು ಅಮೆರಿಕನ್ ಕಾನೂನು ಪ್ರಾಧ್ಯಾಪಕರು ಮೊದಲೇ ಬರೆದಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಸುಳ್ಳುಗಾರನ ಲಾಭಾಂಶ’. ನಕಲಿ ವಿಡಿಯೊಗಳ ಬಗ್ಗೆ ಜನ ಎಚ್ಚೆತ್ತಷ್ಟೂ, ನಿಜವಾದ ವಿಡಿಯೊದಲ್ಲಿ ಸಿಕ್ಕಿಬಿದ್ದವನು ‘ಇದು ಎಐ ಕೆಲಸ’ ಎಂದು ಕೈತೊಳೆದುಕೊಳ್ಳುವುದು ಸುಲಭವಾಗುತ್ತದೆ. ಪರ್ಡ್ಯೂ ವಿಶ್ವವಿದ್ಯಾಲಯದ ಡೇನಿಯಲ್ ಶಿಫ್ ಮತ್ತು ಸಂಗಡಿಗರು ಇದನ್ನು 15,000ಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ ಪರೀಕ್ಷಿಸಿದರು. ಫಲಿತಾಂಶ ಎಲ್ಲರೂ ಅಂದುಕೊಂಡಿದ್ದಕ್ಕೆ ಉಲ್ಟಾ. ಹಗರಣವನ್ನು ಬರಹದಲ್ಲಿ ಓದಿದವರ ಮುಂದೆ ರಾಜಕಾರಣಿಯ ‘ಇದೆಲ್ಲ ಸುಳ್ಳು ಸುದ್ದಿ’ ಎಂಬ ಸಬೂಬು ಕೆಲಸ ಮಾಡಿತು. ವಿಡಿಯೊ ನೋಡಿದವರ ಮುಂದೆ ಅಷ್ಟಾಗಿ ನಡೆಯಲಿಲ್ಲ. ಕಣ್ಣಾರೆ ಕಂಡದ್ದರ ಮೇಲಿನ ನಂಬಿಕೆ ಆಗಿನ್ನೂ ಗಟ್ಟಿಯಿತ್ತು. ಈಗಿನ ವಿಡಿಯೊ ತಂತ್ರಾಂಶಗಳು ಬರುವ ಮುಂಚಿನ ಮಾತು ಇದು.

ಕೃತಕ ಬುದ್ಧಿಮತ್ತೆ, ಮಾಧ್ಯಮ, ಪ್ರಜಾಪ್ರಭುತ್ವ ಈ ಮೂರೂ ಕೂಡುವ ಜಾಗದಲ್ಲಿ ಈಗ ಪಿಎಚ್‌ಡಿ ಸಂಶೋಧನೆಯ ಸುಗ್ಗಿ. ಆಮ್‌ಸ್ಟರ್‌ಡ್ಯಾಮಿನಲ್ಲಂತೂ ಈ ಮೂರನ್ನೂ ಹೆಸರಿನಲ್ಲೇ ಇಟ್ಟುಕೊಂಡ ಪ್ರಯೋಗಾಲಯವೊಂದಿದೆ. ಅಲ್ಲಿನ ವಿಶ್ವವಿದ್ಯಾಲಯದ ಜೊತೆ ಅದನ್ನು ನಡೆಸುವ ಸಂಸ್ಥೆಗಳಲ್ಲಿ ಸಿಡಬ್ಲ್ಯುಐ ಎಂಬ ಗಣಿತ ಸಂಶೋಧನಾ ಕೇಂದ್ರವೂ ಒಂದು. ಇವತ್ತಿನ ಎಐ ಬಹುಪಾಲು ಯಾವ ಭಾಷೆಯಲ್ಲಿ ಬರೆಯಲ್ಪಡುತ್ತಿದೆಯೋ ಆ ಪೈಥಾನ್ ಹುಟ್ಟಿದ ಮನೆ ಅದು! ಈ ಕ್ಷೇತ್ರದಲ್ಲಿ ಕೆಲಸ ಮಾಡುವವರನ್ನು ಕಾಡುವ ಮೊದಲ ಪ್ರಶ್ನೆ, ನಂಬಿಕೆಯನ್ನು ಅಳೆಯುವುದು ಹೇಗೆ ಎಂಬುದು. ‘ನೀವು ಸುದ್ದಿಯನ್ನು ಎಷ್ಟು ನಂಬುತ್ತೀರಿ?’ ಎಂದು ಕೇಳಿ ಶೇಕಡಾವಾರು ಲೆಕ್ಕ ಹಾಕುವುದು ಸಲೀಸು. ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ವರ್ಷಾವರ್ಷ ಕೇಳುತ್ತದೆ. 2024ರಲ್ಲಿ ಬಂದ ಉತ್ತರ ಶೇ 40. ಇದು ಕಡಿಮೆಯಾಯಿತೇ? ಜಾಸ್ತಿಯೇ? ಸುದ್ದಿ ಎಂಥದ್ದೆಂದು ತಿಳಿಯದೆ ಹೇಳುವುದು ಹೇಗೆ?

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಜಾಗೃತಿ ಭಾಷಣಗಳು, ಪೋಸ್ಟರ್‌ಗಳು, ಶಾಲೆಯ ಕಾರ್ಯಾಗಾರಗಳೆಲ್ಲ ‘ಯಾವುದನ್ನೂ ನಂಬಬೇಡಿ, ನಿಮ್ಮ ಕಣ್ಣನ್ನೂ ನಂಬಬೇಡಿ’ ಎಂದು ಹೇಳಿಕೊಡುತ್ತಿವೆ. ವೈಜ್ಞಾನಿಕ ಮನೋಭಾವ ಎಂದರೆ ಇದೇ ಎಂದು ಬಹಳ ಜನ ತಿಳಿದಂತಿದೆ. ಇದು ಎಷ್ಟು ತಪ್ಪು ಎಂಬುದನ್ನು ನೋಡಲು ರೇಡಾರ್ ಕಾಲಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧದಲ್ಲಿ ರೇಡಾರ್ ಪರದೆಯ ಮುಂದೆ ಗಂಟೆಗಟ್ಟಲೆ ಕೂರುವವನ ಕಷ್ಟ ನೆನೆಸಿಕೊಳ್ಳಿ. ಪರದೆಯ ತುಂಬ ಚುಕ್ಕಿಗಳು. ಹೆಚ್ಚಿನವು ಬರೀ ಗದ್ದಲ, ಯಾವುದೋ ಒಂದು ಶತ್ರು ವಿಮಾನ. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಇವರನ್ನು ಪರೀಕ್ಷಿಸಲು ಒಂದು ಗಡಿಯಾರ ಮಾಡಿಸಿದರು. ಅದರ ಮುಳ್ಳು ಒಂದೊಂದೇ ಹೆಜ್ಜೆ ಹಾಕುತ್ತಾ ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುತ್ತಿತ್ತು. ಹಾರಿದ್ದನ್ನು ಕಂಡವರು ಗುಂಡಿ ಒತ್ತಬೇಕು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಣ್ತಪ್ಪು ಹೆಚ್ಚಾಗುತ್ತಿತ್ತು. ಇಂಥ ಸಮಸ್ಯೆಗಳಿಂದಲೇ ಬೆಳೆದದ್ದು, 1954ರ ಸುಮಾರಿಗೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಸಂಕೇತ ಪತ್ತೆ’ಯ ಸಿದ್ಧಾಂತ. ಅದು ಹೇಳಿದ್ದಿಷ್ಟು: ಪರದೆ ನೋಡುವವನ ಸಾಮರ್ಥ್ಯವನ್ನು ಒಂದೇ ಸಂಖ್ಯೆಯಲ್ಲಿ ಹೇಳಲಾಗದು, ಎರಡು ಬೇಕು. ಒಂದು, ವಿಮಾನವನ್ನೂ ಗದ್ದಲವನ್ನೂ ಬೇರೆ ಮಾಡಿ ನೋಡುವ ಅವನ ಶಕ್ತಿ. ಇನ್ನೊಂದು, ‘ವಿಮಾನ’ ಎಂದು ಕೂಗಲು ಅವನಿಗೆಷ್ಟು ಪುರಾವೆ ಬೇಕು ಎಂಬ ಹಟ. ‘ಒಂದೂ ತಪ್ಪಿಸಬೇಡ’ ಎಂದು ಮೇಲಧಿಕಾರಿ ಗದರಿದರೆ ಅವನು ಹಕ್ಕಿ ಕಂಡರೂ ಕೂಗುತ್ತಾನೆ, ಸುಮ್ಮಸುಮ್ಮನೆ ಕೂಗಿದ್ದಕ್ಕೆ ಗದರಿದರೆ ವಿಮಾನ ಕಂಡರೂ ಸುಮ್ಮನಿರುತ್ತಾನೆ. ಎರಡರಲ್ಲೂ ಅವನ ದೃಷ್ಟಿ ಒಂದಿಷ್ಟೂ ಚುರುಕಾಗಿರುವುದಿಲ್ಲ. ಬದಲಾಗಿದ್ದು ಹಟ ಮಾತ್ರ.

ಸುದ್ದಿಗೆ ಇದನ್ನು ಹಚ್ಚಿ ನೋಡೋಣ. ಲೆಕ್ಕದ ಅನುಕೂಲಕ್ಕೆ ನಾನೇ ಹಾಕಿಕೊಂಡ ಸಂಖ್ಯೆಗಳಿವು. ಒಬ್ಬಾಕೆ 1,000 ಸುದ್ದಿ ಓದುತ್ತಾಳೆ, ಅದರಲ್ಲಿ 950 ನಿಜ, 50 ಸುಳ್ಳು. ನಿಜದಲ್ಲಿ ಶೇ 80 ನಂಬುತ್ತಾಳೆ, ಸುಳ್ಳಿನಲ್ಲಿ ಶೇ 40. ಅಂದರೆ 20 ಸುಳ್ಳನ್ನು ನಂಬಿದಳು, 190 ನಿಜವನ್ನು ತಳ್ಳಿದಳು. ಈಗ ಕಾರ್ಯಾಗಾರಕ್ಕೆ ಹೋಗಿ ಬಂದು ಎಲ್ಲದರ ಮೇಲೂ ಗುಮಾನಿ ಬೆಳೆಸಿಕೊಂಡಳೆನ್ನಿ. ನಿಜದಲ್ಲಿ ಶೇ 70, ಸುಳ್ಳಿನಲ್ಲಿ ಶೇ 30. ಈಗ ನಂಬುವ ಸುಳ್ಳು 15. ಐದು ಕಡಿಮೆಯಾಯಿತೆಂದು ಕಾರ್ಯಾಗಾರದವರು ವರದಿ ಬರೆಯುತ್ತಾರೆ. ಆದರೆ ತಳ್ಳಿಹಾಕುವ ನಿಜ 190ರಿಂದ 285ಕ್ಕೆ ಏರಿದೆ! ಐದು ಸುಳ್ಳಿನಿಂದ ಪಾರಾಗಲು 95 ನಿಜಗಳನ್ನು ಬಲಿ ಕೊಟ್ಟಂತಾಯಿತು. ಕಲ್ಲು ಸಿಕ್ಕೀತೆಂದು ಮೊರದಲ್ಲಿದ್ದ ಅಕ್ಕಿಯನ್ನೇ ಚೆಲ್ಲಿದ ಹಾಗೆ. ಇನ್ನೂ ಒಂದು ಮಾತು. ಮಿಷಿಗನ್ನಿನವರ ಸೂತ್ರದಲ್ಲಿ ಲೆಕ್ಕ ಹಾಕಿದರೆ ಆಕೆಯ ಬೇರ್ಪಡಿಸುವ ಶಕ್ತಿ ಹೆಚ್ಚುಕಡಿಮೆ ಮೊದಲಿನಷ್ಟೇ ಬರುತ್ತದೆ. ಕಲಿತದ್ದು ಏನೂ ಇಲ್ಲ, ಬರೀ ಮೊಂಡುತನ ಬಂತು.

ಸುಳ್ಳಿನ ಪಾಲು ಕಡಿಮೆಯಾದಷ್ಟೂ ಈ ನಷ್ಟ ಹಿಗ್ಗುತ್ತದೆ. ಅಮೆರಿಕನ್ನರು ದಿನಕ್ಕೆ ನೋಡುವ, ಓದುವ, ಕೇಳುವ ಎಲ್ಲದರಲ್ಲಿ ಸುಳ್ಳು ಸುದ್ದಿ ತಾಣಗಳ ಪಾಲು ಶೇ 0.15 ಮಾತ್ರ ಎಂದು 2020ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳೊಳಗೆ ಇಣುಕಿ ಹೀಗೆ ಎಣಿಸುವುದು ಸಾಧ್ಯವಿಲ್ಲ, ಆದ್ದರಿಂದ ಆ ಅಂಕಿಯನ್ನು ಇಲ್ಲಿಗೆ ಎಳೆದು ತರಬಾರದು.

ಇದು ಕಾಗದದ ಮೇಲಿನ ಭಯವಷ್ಟೇ ಅಲ್ಲ. ಸುಳ್ಳು ಸುದ್ದಿ ಗುರುತಿಸಲು ಕಲಿಸುವ ಆನ್‌ಲೈನ್ ಆಟಗಳು ಯುರೋಪಿನಲ್ಲಿ ಭಾರೀ ಹೆಸರು ಮಾಡಿದ್ದವು. ಅವುಗಳ ದತ್ತಾಂಶವನ್ನು 2023ರಲ್ಲಿ ಮೊಡಿರೂಸ್ಟಾ-ಗ್ಯಾಲಿಯನ್ ಮತ್ತು ಹೈಯಮ್ ಎಂಬಿಬ್ಬರು ರೇಡಾರ್ ಕಾಲದ ಇದೇ ಅಳತೆಗೋಲಿನಿಂದ ಮತ್ತೆ ಅಳೆದರು. ಆಡಿದವರ ಬೇರ್ಪಡಿಸುವ ಶಕ್ತಿ ಬೆಳೆದಿರಲಿಲ್ಲ, ಎಲ್ಲವನ್ನೂ ‘ಸುಳ್ಳು’ ಎನ್ನುವ ಒಲವು ಬೆಳೆದಿತ್ತು. ಮರುವರ್ಷ ಅಮೆರಿಕ, ಪೋಲೆಂಡ್, ಹಾಂಗ್‌ಕಾಂಗ್‌ಗಳಲ್ಲಿ ನಡೆದ ಇನ್ನೊಂದು ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ಮಾಡಿತು: ಇಂಥ ತರಬೇತಿಗಳಿಂದ ಸುಳ್ಳಿನ ಮೇಲಿನ ನಂಬಿಕೆ ತಗ್ಗುತ್ತದೆ, ಜೊತೆಗೆ ನಿಜದ ಮೇಲಿನದೂ.

ಹಾಗಾದರೆ ನಂಬಿ ಕೆಟ್ಟವರ ಕಥೆ ಏನು ಎಂದು ಕೇಳುವಿರಿ. 2018ರ ಬೇಸಿಗೆಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದ ವಿಡಿಯೊವೊಂದು ನಿಮಗೂ ಬಂದಿರಬಹುದು. ಬೈಕಿನಲ್ಲಿ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಪ್ರಚಾರಕ್ಕೆ ಮಾಡಿದ ಕಿರುಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ಹಿಂದಕ್ಕೆ ತಂದು ಬಿಡುತ್ತಾರೆ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ತುಣುಕನ್ನು ಯಾರೋ ಕತ್ತರಿಸಿದರು. ಅಷ್ಟೇ ಕೆಲಸ, ಎಐ ಬೇಕಾಗಲಿಲ್ಲ. ಮಕ್ಕಳ ಕಳ್ಳರ ವದಂತಿಗೆ ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ ಬಲಿಯಾದ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಗುಂಪು ಬಡಿದು ಕೊಂದಿತು. ಅವರ ಸಂಗಡ ಬಂದವರು ಮಕ್ಕಳಿಗೆ ಚಾಕೊಲೆಟ್ ಕೊಟ್ಟದ್ದೇ ಸಂಶಯಕ್ಕೆ ಸಾಕಾಗಿತ್ತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಆ ತಿಂಗಳೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹಾಕಿತು. ಮುರ್ಕಿಯ ಗುಂಪಿಗೆ ಅನುಮಾನದ ಕೊರತೆ ಇತ್ತೇ? ಕಾರಿನಲ್ಲಿ ಬಂದ ಅಪರಿಚಿತರ ಮೇಲೆ ಅನುಮಾನ, ಪೊಲೀಸರ ಮೇಲೆ ಅನುಮಾನ. ಯಾರು ಮಾಡಿದ್ದೆಂದೇ ಗೊತ್ತಿಲ್ಲದ ಸಂದೇಶದ ಮೇಲೆ ಮಾತ್ರ ಅಖಂಡ ನಂಬಿಕೆ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ್ದು ಇಲ್ಲಿ ನೆನಪಿಗೆ ಬರುತ್ತದೆ. ಪವಾಡ ಸುಳ್ಳು ಎಂದು ಘೋಷಿಸಿ ಮನೆಗೆ ಹೋಗಬಹುದಿತ್ತು. ಅವರು ಕೇಳಿದ್ದು, ನಮ್ಮ ಕಣ್ಣೆದುರು, ನಾವು ಹೇಳುವ ಕಟ್ಟುಪಾಡಿನಲ್ಲಿ ಮಾಡಿ ತೋರಿಸಿ ಎಂದು. ಪರೀಕ್ಷೆಯಲ್ಲಿ ‘ನಿಜ’ ಎಂಬ ಉತ್ತರಕ್ಕೂ ಜಾಗ ಇತ್ತು.

ಬೇರ್ಪಡಿಸುವ ಶಕ್ತಿ ಬೆಳೆಯುವುದಾದರೂ ಹೇಗೆ? ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಸೊಗಸಾದ ಪ್ರಯೋಗ ಮಾಡಿದರು. ಪಿಎಚ್‌ಡಿ ಪಡೆದ 10 ಇತಿಹಾಸಕಾರರು, ಸುದ್ದಿಯ ನಿಜ ಸುಳ್ಳು ಪರೀಕ್ಷಿಸುವ 10 ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು, 25 ವಿದ್ಯಾರ್ಥಿಗಳನ್ನು ಕೂರಿಸಿ ಜಾಲತಾಣಗಳನ್ನು ಅಳೆಯಲು ಹೇಳಿದರು. ಹಳೆಯ ದಾಖಲೆಗಳನ್ನು ಜಾಲಾಡುವುದರಲ್ಲಿ ಪಳಗಿದ ಇತಿಹಾಸಕಾರರೂ ಅಂದವಾದ ಲೋಗೊ, ಅಧಿಕೃತವೆನಿಸುವ ಹೆಸರು ನೋಡಿ ಮೋಸಹೋದರು. ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಗಮನವಿಟ್ಟು ಓದಿದ್ದೇ ಅವರ ಎಡವಟ್ಟು. ಫ್ಯಾಕ್ಟ್‌ಚೆಕರ್‌ಗಳು ಪುಟವನ್ನು ಸರಿಯಾಗಿ ಓದಲೂ ಇಲ್ಲ. ಬಂದ ಕೆಲವೇ ಕ್ಷಣದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನನ್ನುತ್ತಾರೆ ಎಂದು ಹುಡುಕಿದರು. ರೆಪ್ಪೆ, ಬೆರಳು, ನೆರಳು ಎಣಿಸುತ್ತಾ ಕೂರುವ ನಮ್ಮ ಡೀಪ್‌ಫೇಕ್ ಪತ್ತೆದಾರಿಕೆ ಇತಿಹಾಸಕಾರರ ದಾರಿಯದು.

ಕೇಳಿದ್ದಕ್ಕೆ ಉತ್ತರಿಸುವ ಎಐ ಚಾಟ್‌ಬಾಟ್ ಬಂದದ್ದೇ ಈ ಟ್ಯಾಬ್ ತೆರೆಯುವ ಅಭ್ಯಾಸಕ್ಕೆ ಕಲ್ಲು ಬಿತ್ತು. ಅಲ್ಲಿರುವುದು ಒಂದೇ ಉತ್ತರ, ಒಂದೇ ದನಿ, ಆ ದನಿಯಲ್ಲಿ ತಡವರಿಕೆಯೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಮತ್ತು ಬಿಬಿಸಿ ಒಂದು ವರದಿ ಕೊಟ್ಟವು. ಚಾಟ್‌ಜಿಪಿಟಿ, ಕೋಪೈಲಟ್, ಜೆಮಿನಿ, ಪರ್‌ಪ್ಲೆಕ್ಸಿಟಿಗಳಿಗೆ ಸುದ್ದಿಯ ಪ್ರಶ್ನೆ ಕೇಳಿ, ಬಂದ ಉತ್ತರಗಳನ್ನು 18 ದೇಶಗಳ ಪತ್ರಕರ್ತರು ಪರೀಕ್ಷಿಸಿದ್ದರು. ಶೇ 45ರಷ್ಟು ಉತ್ತರಗಳಲ್ಲಿ ಒಂದಾದರೂ ಗಣನೀಯ ದೋಷವಿತ್ತು, ಅದರಲ್ಲೂ ‘ಈ ಮಾಹಿತಿ ಎಲ್ಲಿಂದ’ ಎಂದು ತೋರಿಸುವಲ್ಲಿ ಹೆಚ್ಚು. ಇದನ್ನು ಓದಿ ಎಐ ಎಂದರೆ ಬರೀ ಬೊಗಳೆ ಎನ್ನುವಂತೆಯೂ ಇಲ್ಲ. ಪಿತೂರಿ ಕಥೆಗಳನ್ನು ನಂಬಿದ್ದ 2,000ಕ್ಕೂ ಹೆಚ್ಚು ಜನ ಎಐ ಜೊತೆ ಪುರಾವೆ ಹಿಡಿದು ವಾದಿಸಿದ ಮೇಲೆ, ಅವರ ಆ ನಂಬಿಕೆ ಸರಾಸರಿ ಶೇ 20ರಷ್ಟು ತಗ್ಗಿ ಎರಡು ತಿಂಗಳ ನಂತರವೂ ಹಾಗೇ ಇದ್ದದ್ದನ್ನು 2024ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿತ್ತು.

ಇಷ್ಟೆಲ್ಲಕ್ಕೂ ಸರ್ಕಾರಗಳ ಬಳಿ ಸದ್ಯ ಇರುವ ಮದ್ದು ಲೇಬಲ್. ನಮ್ಮ ಐಟಿ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಕರಡು ನಿಯಮದಲ್ಲಿ, ಎಐ ಚಿತ್ರದ ಕನಿಷ್ಠ ಶೇ 10 ಜಾಗದಲ್ಲಿ ಹಾಗೆಂದು ಬರೆದಿರಬೇಕು ಎಂದಿತ್ತು. ಉದ್ದೇಶ ಒಳ್ಳೆಯದೇ. ಆದರೆ ಜ್ಯೂರಿಕ್ ವಿಶ್ವವಿದ್ಯಾಲಯದ ಸಾಶಾ ಆಲ್ಟೇ ಮತ್ತು ಫಾಬ್ರಿಜಿಯೊ ಜಿಲಾರ್ಡಿ ಸುದ್ದಿ ಶೀರ್ಷಿಕೆಗಳಿಗೆ ‘ಎಐ ರಚಿತ’ ಎಂದು ಚೀಟಿ ಅಂಟಿಸಿ ನೋಡಿದಾಗ, ಓದುಗರು ಸುಳ್ಳು ಶೀರ್ಷಿಕೆಯ ಜೊತೆ ನಿಜವಾದವನ್ನೂ ಅನುಮಾನಿಸಿದರು. ಮನುಷ್ಯರೇ ಬರೆದದ್ದಕ್ಕೆ ಆ ಚೀಟಿ ಅಂಟಿಸಿದಾಗಲೂ ಅಷ್ಟೇ. ಮತ್ತೆ ಅದೇ ಹಟದ ಕಥೆ.

ಕನ್ನಡದ ಪವರ್ ಟಿವಿ 2023ರ ಜುಲೈನಲ್ಲೇ ‘ಸೌಂದರ್ಯ’ ಎಂಬ ಎಐ ನಿರೂಪಕಿಯನ್ನು ಪರದೆಗೆ ತಂದಿತು. ಚಾಟ್‌ಬಾಟ್‌ಗಳಿಗೆ ಸುದ್ದಿಯ ಪ್ರಶ್ನೆ ಕೇಳಿದ ಯುರೋಪಿನವರ ಆ ಅಧ್ಯಯನ ನಡೆದದ್ದು 14 ಭಾಷೆಗಳಲ್ಲಿ, ಕನ್ನಡ ಅದರಲ್ಲಿಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಪಿಎಚ್‌ಡಿಗೆ ವಿಷಯ ಹುಡುಕುತ್ತಿರುವವರಿಗೆ ಇದಕ್ಕಿಂತ ಫಲವತ್ತಾದ ನೆಲ ಸಿಗಲಾರದು. ದೊಡ್ಡ ಖರ್ಚೂ ಇಲ್ಲ. ಪಂಚಾಯಿತಿ ಅನುದಾನ, ಪಡಿತರ ಚೀಟಿ, ಮತದಾರರ ಪಟ್ಟಿ, ಅಣೆಕಟ್ಟೆಯ ನೀರಿನ ಮಟ್ಟದಂಥ ವಿಷಯಗಳಲ್ಲಿ ಕನ್ನಡದಲ್ಲೇ ನೂರು ಪ್ರಶ್ನೆ ಮಾಡಿಕೊಂಡು ಚಾಟ್‌ಬಾಟ್‌ಗಳಿಗೆ ಕೇಳಿ, ಉತ್ತರಗಳನ್ನು ವಿಷಯ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಸರಿಯಾದವನ್ನೂ ತಪ್ಪಾದವನ್ನೂ ಬೆರೆಸಿ ಓದುಗರ ಮುಂದಿಡಬೇಕು. ನೀವು ಎಐಯನ್ನು ನಂಬುತ್ತೀರಾ ಎಂಬ ಪ್ರಶ್ನೆಯನ್ನು ಪ್ರಶ್ನಾವಳಿಯಿಂದ ಕಿತ್ತುಹಾಕಿ, ಸರಿಯಾದ ಉತ್ತರಗಳಲ್ಲಿ ಎಷ್ಟನ್ನು ಒಪ್ಪಿದರು, ತಪ್ಪಿನಲ್ಲಿ ಎಷ್ಟನ್ನು ಒಪ್ಪಿದರು ಎಂಬ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಂಡರೆ ಮೊದಲ ಅಧ್ಯಾಯಕ್ಕೆ ಬೇಕಾದ ಸಾಮಗ್ರಿ ಸಿದ್ಧ.