ಚೆರ್ರಿ ಹೂವಿನ ದಳ ನಿಜಕ್ಕೂ ಎಷ್ಟು ವೇಗದಲ್ಲಿ ಬೀಳುತ್ತದೆ?

ಚೆರ್ರಿ ಹೂವಿನ ದಳಗಳು ಸೆಕೆಂಡಿಗೆ ಐದು ಸೆಂಟಿಮೀಟರ್ ವೇಗದಲ್ಲಿ ಬೀಳುತ್ತವೆ ಎಂಬ ಮಾತು ವಸಂತ ಬಂದಾಗಲೆಲ್ಲ ಹೂವಿನ ಚಿತ್ರಗಳ ಜೊತೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ, ಅದೂ ಯಾರೋ ಪ್ರಯೋಗಾಲಯದಲ್ಲಿ ಅಳೆದು ಹೇಳಿದ್ದೆಂಬ ಧಾಟಿಯಲ್ಲಿ. ಆ ಸಂಖ್ಯೆಯನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ಜಪಾನಿನ ಒಂದು ಪ್ರೇಮಕಥೆ: ಮಕೋಟೊ ಶಿಂಕಾಯ್ ನಿರ್ದೇಶಿಸಿ, 2007ರ ಮಾರ್ಚ್ 3ರಂದು ತೆರೆಕಂಡ ‘ಫೈವ್ ಸೆಂಟಿಮೀಟರ್ಸ್ ಪರ್ ಸೆಕೆಂಡ್’ ಎಂಬ ಆನಿಮೇಷನ್ ಚಿತ್ರ. ಆರಂಭದಲ್ಲೇ ಅಕಾರಿ ಎಂಬ ಪುಟ್ಟ ಹುಡುಗಿ ತನ್ನ ಗೆಳೆಯ ತಕಾಕಿಗೆ ಈ ವೇಗವನ್ನು ಹೇಳುತ್ತಾಳೆ. ಸಂಖ್ಯೆ ತಪ್ಪು, ಸಣ್ಣಪುಟ್ಟ ತಪ್ಪಲ್ಲ, ಸುಮಾರು ಇಪ್ಪತ್ತು ಪಟ್ಟಿನ ತಪ್ಪು. ಆದರೆ ಅದೇ ದೃಶ್ಯದಲ್ಲಿ ಅವಳು ಆಡುವ ಇನ್ನೊಂದು ಮಾತಿದೆ. ‘ನೋಡು, ಹಿಮ ಬಿದ್ದ ಹಾಗೆ ಇಲ್ಲವೇ?’ ಎನ್ನುತ್ತಾಳೆ. ಯಾರೂ ವಿಜ್ಞಾನವೆಂದು ಹಂಚಿಕೊಳ್ಳದ ಈ ಮಾತೇ ಭೌತವಿಜ್ಞಾನದ ಕಣ್ಣಿಗೆ ಬೆರಗಾಗುವಷ್ಟು ಸರಿಯಾಗಿದೆ.

1973ರಲ್ಲಿ ನಾಗಾನೊ ಪ್ರಾಂತ್ಯದಲ್ಲಿ ಹುಟ್ಟಿದ ಶಿಂಕಾಯ್, ವಿಡಿಯೊ ಗೇಮ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದವರು. 2002ರಲ್ಲಿ ಇಪ್ಪತ್ತೈದು ನಿಮಿಷಗಳ ಕಿರುಚಿತ್ರವೊಂದನ್ನು ಮನೆಯ ಕಂಪ್ಯೂಟರಿನಲ್ಲಿ ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿ ಮುಗಿಸಿ ಹೆಸರಾದರು. ಐದು ವರ್ಷಗಳ ನಂತರ ಬಂದ ಈ ಚಿತ್ರಕ್ಕೆ ಸಣ್ಣದೊಂದು ತಂಡವಿತ್ತು. ಮೂರು ಅಧ್ಯಾಯ, ಒಟ್ಟು 63 ನಿಮಿಷ. ಮೊದಲ ಅಧ್ಯಾಯವನ್ನು ಫೆಬ್ರವರಿಯಲ್ಲೇ ಯಾಹೂ ಜಪಾನ್ ತನ್ನ ಸದಸ್ಯರಿಗೆ ಅಂತರ್ಜಾಲದಲ್ಲಿ ತೋರಿಸಿತ್ತು. ಆಮೇಲೆ ಟೋಕಿಯೊದ ಶಿಬುಯಾದಲ್ಲಿದ್ದ ‘ಸಿನೆಮಾ ರೈಸ್’ ಎಂಬ ಚಿತ್ರಮಂದಿರದಲ್ಲಿ ಇಡೀ ಚಿತ್ರ ಬಿಡುಗಡೆಯಾಯಿತು. ತಂಡದವರು ನಿಜವಾದ ರೈಲು ನಿಲ್ದಾಣ, ಹಳಿ ದಾಟುವ ಗೇಟು, ಬೀದಿಗಳನ್ನು ಫೋಟೊ ತೆಗೆದು, ಅವುಗಳ ಆಧಾರದ ಮೇಲೆ ಹಿನ್ನೆಲೆಗಳನ್ನು ಚಿತ್ರಿಸಿದರು. ಇಷ್ಟು ಕಣ್ಣಿಟ್ಟು ನೋಡಿದವರ ಚಿತ್ರದಲ್ಲಿ ದಳದ ವೇಗ ಮಾತ್ರ ತಪ್ಪಾಗಿರುವುದು ಹೇಗೆ ಎಂದು ಲೆಕ್ಕ ಹಾಕಹೊರಟರೆ, ತಪ್ಪಿರುವುದು ಸಂಭಾಷಣೆಯಲ್ಲಿ ಮಾತ್ರ, ಚಿತ್ರಣದಲ್ಲಲ್ಲ ಎಂಬುದು ಗೊತ್ತಾಗುತ್ತದೆ.

ಎಲ್ಲ ವಸ್ತುಗಳೂ ಒಂದೇ ಸಮನೆ ಬೀಳುತ್ತವೆ ಎಂದು ಶಾಲೆಯಲ್ಲಿ ಕಲಿತದ್ದು ನಿರ್ವಾತಕ್ಕೆ ಅನ್ವಯಿಸುವ ಮಾತು. 1971ರಲ್ಲಿ ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು, ಏಕೆಂದರೆ ಅಲ್ಲಿ ಗಾಳಿಯಿಲ್ಲ. ಇಲ್ಲಿ ಕೊಂಬೆಯಿಂದ ಕಳಚಿದ ದಳವನ್ನು ಗುರುತ್ವ ಕೆಳಗೆ ಎಳೆಯುತ್ತದೆ, ಗಾಳಿ ಕೆಳಗಿನಿಂದ ತಡೆಯುತ್ತದೆ. ಎಳೆತ ಬದಲಾಗುವುದಿಲ್ಲ, ತಡೆ ಮಾತ್ರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಎಳೆತ ಮತ್ತು ತಡೆ ಸಮವಾದ ಕ್ಷಣದಿಂದ ವೇಗ ಏರುವುದು ನಿಲ್ಲುತ್ತದೆ. ಇದೇ ಅಂತಿಮ ವೇಗ. ಕಣದಲ್ಲಿ ಮೊರ ಎತ್ತಿ ರಾಶಿ ತೂರುವವರು ನೆಚ್ಚಿಕೊಂಡಿರುವುದೂ ಇದನ್ನೇ: ಕಾಳಿಗೂ ಹೊಟ್ಟಿಗೂ ಬೀಳುವ ಎತ್ತರ ಒಂದೇ ಆದರೂ, ಹರವಿಗೆ ತಕ್ಕ ತೂಕವಿಲ್ಲದ ಹೊಟ್ಟು ನಿಧಾನವಾಗಿ ಇಳಿಯುವುದರಿಂದ ಅದನ್ನು ಪಕ್ಕಕ್ಕೆ ಒಯ್ಯಲು ಗಾಳಿಗೆ ಪುರುಸೊತ್ತು ಸಿಗುತ್ತದೆ.

ದಳವೊಂದರ ತೂಕ ಹತ್ತು ಮಿಲಿಗ್ರಾಂ, ಹರವು ಒಂದೂವರೆಯಿಂದ ಎರಡು ಚದರ ಸೆಂಟಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ ಅಂತಿಮ ವೇಗ ಸೆಕೆಂಡಿಗೆ 80ರಿಂದ 100 ಸೆಂಟಿಮೀಟರಿನಷ್ಟು ಬರುತ್ತದೆ. ದಳ ಈ ವೇಗವನ್ನು ಬಿದ್ದ ಮೊದಲ ಒಂದು ಗೇಣಿನೊಳಗೇ ಮುಟ್ಟುತ್ತದೆ. ಐದು ಸೆಂಟಿಮೀಟರ್ ವೇಗದಲ್ಲಿ ಇಳಿಯಬೇಕಾದರೆ ಅದೇ ಹರವಿನ ದಳ ನೂರಾರು ಪಟ್ಟು ಹಗುರವಾಗಬೇಕು, ಅಂಥ ದಳ ಯಾವ ಮರದಲ್ಲೂ ಬಿಡುವುದಿಲ್ಲ. ನಿಜವಾಗಿ ಆ ವೇಗದಲ್ಲಿ ಇಳಿಯುವುದು ಮಿಲಿಮೀಟರಿನ ಇಪ್ಪತ್ತೈದನೇ ಒಂದು ಭಾಗದಷ್ಟು ಅಡ್ಡಳತೆಯ, ಮೋಡದೊಳಗಿನ ನೀರಿನ ಕಣ. ನಂಬಿಕೆ ಬಾರದವರು ಅಂಗಳದ ಕಾಗದದ ಹೂವಿನ ಒಂದು ಎಸಳನ್ನು, ಫ್ಯಾನ್ ಆರಿಸಿದ ಕೋಣೆಯಲ್ಲಿ, ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟು ನೋಡಬಹುದು. ಹೊರಳಾಡಿ, ಓಲಾಡಿ, ಎರಡು ಮೂರು ಸೆಕೆಂಡಿನಲ್ಲಿ ಅದು ನೆಲದ ಮೇಲಿರುತ್ತದೆ. ಹುಡುಗಿ ಹೇಳಿದ ವೇಗದಲ್ಲಾದರೆ ಪೂರ್ತಿ ಅರ್ಧ ನಿಮಿಷ ಕಾಯಬೇಕಾಗುತ್ತಿತ್ತು.

ಬೀಳುವ ಹೂವನ್ನು ಅಳೆಯುವ ಕೆಲಸಕ್ಕೆ ಜಪಾನಿನಲ್ಲೇ ಒಂದು ಪರಂಪರೆಯಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಭೌತವಿಜ್ಞಾನಿ ಟೊರಾಹಿಕೊ ತೆರಾದಾ, ಕಾದಂಬರಿಕಾರ ನತ್ಸುಮೆ ಸೊಸೆಕಿಯವರ ಶಿಷ್ಯರಾಗಿದ್ದವರು, 1933ರಲ್ಲಿ ಕ್ಯಾಮೆಲಿಯಾ ಹೂ ಗಾಳಿಯಲ್ಲಿ ಬೀಳುವ ಬಗೆಯನ್ನು ಕುರಿತೇ ಒಂದು ಸಂಶೋಧನಾ ಪ್ರಬಂಧ ಬರೆದರು. ಮುಖ ಕೆಳಗಾಗಿ ಕಳಚಿದ ಹೂ ದಾರಿಯಲ್ಲೇ ಮಗುಚಿ, ಮುಖ ಮೇಲಾಗಿ ನೆಲ ಸೇರಬಲ್ಲದೆಂಬುದು ಅವರ ಕುತೂಹಲದ ವಿಷಯ. ಅವರ ಶಿಷ್ಯ ಉಕಿಚಿರೊ ನಾಕಾಯಾ ಉತ್ತರದ ಹೊಕ್ಕೈಡೊದಲ್ಲಿ ಹಿಮದ ಹರಳುಗಳ ಹಿಂದೆ ಬಿದ್ದರು. 1935ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿ ಬಿಡಿಬಿಡಿ ಹರಳುಗಳ ಆಕಾರ, ತೂಕ, ಬೀಳುವ ವೇಗ ಮೂರನ್ನೂ ಒಟ್ಟಿಗೆ ಅಳೆದ ಪ್ರಬಂಧ ಪ್ರಕಟಿಸಿದರು. ಮರುವರ್ಷ ನಾಕಾಯಾ ಮೊಲದ ಒಂದು ಕೂದಲಿನ ಮೇಲೆ ಜಗತ್ತಿನ ಮೊದಲ ಕೃತಕ ಹಿಮದ ಹರಳನ್ನು ಬೆಳೆಸಿದರು.

ಹರಳುಗಳು ಹೆಣೆದುಕೊಂಡು ಆದ ಹಿಮದ ಚಕ್ಕೆ ಬೀಳುವ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಚಕ್ಕೆ ದೊಡ್ಡದಾದರೂ ವೇಗ ಅಷ್ಟಾಗಿ ಏರುವುದಿಲ್ಲ, ಬೆಳೆದಂತೆಲ್ಲ ಅದರೊಳಗಿನ ಟೊಳ್ಳೂ ಹೆಚ್ಚುವುದರಿಂದ ಹರವಿನ ಜೊತೆ ತೂಕ ಸ್ಪರ್ಧಿಸಲಾರದು. ಅಂದರೆ ಚೆರ್ರಿ ದಳವೂ ಹಿಮದ ಚಕ್ಕೆಯೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ, ಒಂದೇ ಬಗೆಯ ಓಲಾಟದಲ್ಲಿ ಇಳಿಯುತ್ತವೆ! ಮೊದಲ ಅಧ್ಯಾಯದಲ್ಲಿ ತಕಾಕಿ ಅಕಾರಿಯನ್ನು ಕಾಣಲು ತೊಚಿಗಿ ಪ್ರಾಂತ್ಯದ ಇವಾಫುನೆಗೆ ಹೊರಡುತ್ತಾನೆ. ಹಿಮಪಾತದಿಂದ ರೈಲು ಗಂಟೆಗಟ್ಟಲೆ ತಡವಾಗುತ್ತದೆ. ಕೊನೆಗೂ ಭೇಟಿಯಾದ ಇಬ್ಬರೂ ಎಲೆ, ಹೂವಿಲ್ಲದ ಚೆರ್ರಿ ಮರದಡಿ ನಿಂತಾಗ ಸುತ್ತ ಬೀಳುವ ಹಿಮ ಹೂವಾಗಿ ಕಾಣುತ್ತದೆ. ಎರಡರ ವೇಗ ಬೇರೆಯಾಗಿದ್ದರೆ ಈ ಮಾರ್ಪಾಡನ್ನು ನಮ್ಮ ಕಣ್ಣು ಒಪ್ಪುತ್ತಿರಲಿಲ್ಲ.

ಕಲಾವಿದರ ಕೈಗೆ ಇದು ಗೊತ್ತಿತ್ತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಸಂಭಾಷಣೆಯನ್ನು ನಂಬಿ ಚಿತ್ರಿಸಿದ್ದರೆ ದಳ ಪ್ರತಿ ಚೌಕಟ್ಟಿನಲ್ಲಿ ಎರಡು ಮಿಲಿಮೀಟರ್ ಮಾತ್ರ ಕೆಳಗಿಳಿಯಬೇಕಿತ್ತು, ಐದು ಮೀಟರ್ ಎತ್ತರದ ಕೊಂಬೆಯಿಂದ ನೆಲ ಸೇರಲು ನೂರು ಸೆಕೆಂಡು ಹಿಡಿಯುತ್ತಿತ್ತು. ತೆರೆಯ ಮೇಲಿನ ದಳಗಳು ಹಾಗೆ ತೇಲುತ್ತ ನಿಲ್ಲುವುದಿಲ್ಲ. ಅವು ಮಕ್ಕಳ ತಲೆಯಿಂದ ಕಾಲಿನವರೆಗಿನ ಎತ್ತರವನ್ನು ನಿಜವಾದ ದಳಗಳಂತೆ ಕೆಲವೇ ಸೆಕೆಂಡಿನಲ್ಲಿ ದಾಟಿಬಿಡುತ್ತವೆ.

ಚಿತ್ರದಲ್ಲಿ ಐದರ ಇನ್ನೊಂದು ವೇಗವೂ ಇದೆ. ಎರಡನೆಯ ಅಧ್ಯಾಯ ನಡೆಯುವುದು ಜಪಾನಿನ ಬಾಹ್ಯಾಕಾಶ ಕೇಂದ್ರವಿರುವ ತನೆಗಶಿಮಾ ದ್ವೀಪದಲ್ಲಿ. ರಾಕೆಟ್ ಹೊತ್ತ ಭಾರಿ ವಾಹನ ರಾತ್ರಿ ರಸ್ತೆಯಲ್ಲಿ ಹಾದುಹೋಗುವಾಗ, ಅದರ ವೇಗ ಗಂಟೆಗೆ ಐದು ಕಿಲೋಮೀಟರ್ ಎಂದು ಕನಾಎ ಎಂಬ ಹುಡುಗಿ ತಕಾಕಿಗೆ ಹೇಳುತ್ತಾಳೆ. ಸೆಕೆಂಡಿನ ಲೆಕ್ಕಕ್ಕೆ ತಂದರೆ ಅದು 139 ಸೆಂಟಿಮೀಟರ್, ಮನುಷ್ಯ ಆರಾಮಾಗಿ ನಡೆಯುವ ವೇಗ. ಹೂವಿನ ದಳ ಬೀಳುವ ನಿಜವಾದ ವೇಗ ಅದರ ಸುಮಾರು ಮೂರನೇ ಎರಡು ಭಾಗದಷ್ಟು.