ಹೊಸ ಬುಷ್ ಆರೇ ತಿಂಗಳಿಗೆ ಹರಿದದ್ದು ಏಕೆ?

ಪ್ರಶ್ನೆ: ನನ್ನ ಹತ್ತಿರ 1972ರ ಎಂಜಿಬಿ ಕಾರಿದೆ. ಮುಂದಿನ ಸಸ್ಪೆನ್ಶನ್‌ನ ಕೆಳಗಿನ ಆರ್ಮ್‌ಗಳಿಗೆ, ಅಂದರೆ ಚಕ್ರವನ್ನು ಕಾರಿಗೆ ಜೋಡಿಸುವ ತೋಳುಗಳಿಗೆ, ಹೊಸ ಬುಷ್ (ಕೀಲಿನ ರಬ್ಬರ್) ಹಾಕಿದೆ. ನಡುವೆ ಉಕ್ಕಿನ ಕೊಳವೆ ಇರುವ, ಎಂಟು ಸಿಲಿಂಡರಿನ ಎಂಜಿಬಿಗೆ (ವಿ8) ಬಂದ ಮಾದರಿಯದು. ಆರೇ ತಿಂಗಳಿಗೆ ರಬ್ಬರ್ ಹರಿದಿದೆ. ಮಾಲೇ ಕಳಪೆಯೋ, ನಾನು ಹಾಕಿದ್ದು ತಪ್ಪೋ?

ಉತ್ತರ: ಮಾಲನ್ನು ಬೈಯುವ ಮೊದಲು ಒಂದು ನೆನಪು ಮಾಡಿಕೊಳ್ಳಿ. ಆರ್ಮ್‌ನ ಒಳತುದಿಯಲ್ಲಿ ಬುಷ್ ಹಿಡಿಯುವ ನಟ್ ಬಿಗಿ ಮಾಡುವಾಗ ಕಾರು ಸ್ಟ್ಯಾಂಡ್ ಮೇಲಿತ್ತಾ? ಚಕ್ರದ ಕಡೆ ಆರ್ಮ್ ಕೆಳಗೆ ಜೋತು ಬಿದ್ದಿತ್ತಾ? ಹಾಗಿದ್ದರೆ ಕಾರಣ ಬಹುಪಾಲು ಅದೇ. ಮೊದಲ ಸಲ ನಾನೂ ಹಾಗೇ ಮಾಡಿ, ಇಡೀ ಕೆಲಸವನ್ನು ಎರಡು ಸಲ ಮಾಡಿದ್ದೇನೆ.

ಈ ಬುಷ್ ಬೇರಿಂಗ್ ತರ ತಿರುಗುವುದಿಲ್ಲ. ನಟ್ ಬಿಗಿಯಾದರೆ ಒಳಗಿನ ಕೊಳವೆ ಅಲ್ಲಾಡುವುದಿಲ್ಲ. ಹೊರಗಡೆ ಆರ್ಮ್ ಹಿಡಿದುಕೊಂಡಿರುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗಲೆಲ್ಲ ನಡುವಿನ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ನಟ್ ಬಿಗಿಯಾದಾಗ ಆರ್ಮ್ ಎಲ್ಲಿತ್ತೋ ಅದೇ ರಬ್ಬರ್‌ಗೆ ಆರಾಮದ ಜಾಗ. ಜೋತು ಬಿದ್ದಾಗ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಶೆಡ್‌ನಲ್ಲಿ ಸುಮ್ನೆ ನಿಂತಿದ್ದಾಗಲೂ. ಅದರ ಮೇಲೆ ರಸ್ತೆಯ ಗುಂಡಿಗಳು ಬೇರೆ.

ಹರಿದ ಬುಷ್ ಬಿಸಾಡಬೇಡಿ, ಬೆಳಕಿಗೆ ಹಿಡಿದು ನೋಡಿ. ಕೊಳವೆಯ ಸುತ್ತ ಬಿಲ್ಲಿನ ಹಾಗೆ ಸೀಳಿದ್ದು, ಉಳಿದ ಭಾಗ ಗಟ್ಟಿಯಾಗಿದ್ದರೆ ಅದು ತಿರುಚಿ ಹರಿದದ್ದು. ಉಗುರು ಒತ್ತಿದರೆ ಒಳಗೆ ಇಳಿದು, ಕೈಗೆ ಕಪ್ಪು ಮಸಿ ಅಂಟಿದರೆ ಎಣ್ಣೆ ತಿಂದ ರಬ್ಬರ್. ಈ ಕಾರಿನಲ್ಲಿ ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಲಿವರ್ ಡ್ಯಾಂಪರೇ ಮೇಲಿನ ಆರ್ಮ್ ಕೂಡ. ಅದು ಸೋರಿದರೆ ಎಣ್ಣೆ ಇಳಿಯುವುದು ಕೆಳಗಿನ ಬುಷ್‌ಗೇ ಅಲ್ವಾ? ಮೊದಲು ಡ್ಯಾಂಪರ್ ಸರಿ ಮಾಡಿಸಿ. ಬುಷ್ ಕೂರಿಸುವಾಗಲೂ ಗ್ರೀಸ್ ಬೇಡ, ಸೋಪಿನ ನೀರು ಸಾಕು.

ಬಿಚ್ಚುವಾಗ ಒಂದೇ ಎಚ್ಚರ, ಆದರೆ ದೊಡ್ಡದು. ಕಾಯಿಲ್ ಸ್ಪ್ರಿಂಗ್ ಒತ್ತಡದಲ್ಲಿ ಕೂತಿರುತ್ತದೆ. ಕಾರು ಸ್ಟ್ಯಾಂಡ್ ಮೇಲೆ ಭದ್ರವಾಗಿರಲಿ. ಸ್ಪ್ರಿಂಗ್ ಕೂರುವ ತಟ್ಟೆಯ ಕೆಳಗೆ ಜಾಕ್ ಕೊಟ್ಟ ಮೇಲೇ ಬೋಲ್ಟ್ ಬಿಚ್ಚಿ, ನಿಧಾನಕ್ಕೆ ಇಳಿಸಿ. ಸ್ಪ್ರಿಂಗ್ ಹಾರುವ ದಾರಿಯಲ್ಲಿ ಮುಖ ಇಡಬೇಡಿ.

ಜೋಡಿಸುವಾಗ ಒಳಗಿನ ನಟ್‌ಗಳನ್ನು ಬಿಗಿ ಮಾಡದೆ ಸಡಿಲವಾಗಿ ಮಾತ್ರ ಹಾಕಿ. ಚಕ್ರ ಕೂರಿಸಿ, ಟೈರ್ ಕೆಳಗೆ ದಪ್ಪ ಮರದ ಹಲಗೆ ಇಟ್ಟು ಕಾರು ಇಳಿಸಿ. ಇಳಿದಾಗ ಚಕ್ರಗಳು ಹೊರಕ್ಕೆ ಸರಿಯಬೇಕು, ಆದರೆ ಟೈರ್ ನೆಲ ಕಚ್ಚಿಕೊಳ್ಳುತ್ತದೆ. ಹಲಗೆ ಉದ್ದವಾಗಿದ್ದರೆ ಅದರ ಮೇಲೇ ಕಾರನ್ನು ಒಂದು ಅಡಿ ಹಿಂದೆ ಮುಂದೆ ತಳ್ಳಿ. ಮುಂಭಾಗ ನಾಲ್ಕೈದು ಸಲ ಒತ್ತಿ ಬಿಡಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಇಡಿ. ಈಗ ಕೆಳಗೆ ಮಲಗಿ ನಟ್ ಪೂರ್ತಿ ಬಿಗಿ ಮಾಡಿ, ಅದು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹಾಕಿ. ಪಿನ್ ಹೊಸದೇ ಆಗಲಿ.

ಪಾಲಿಯೂರಿಥೇನ್ (ಗಟ್ಟಿ ಪ್ಲಾಸ್ಟಿಕ್) ಬುಷ್ ಹಾಕಿದರೆ ಈ ತಾಪತ್ರಯ ಕಡಿಮೆ, ಅದು ಕೊಳವೆಯ ಸುತ್ತ ತಿರುಗುತ್ತದೆ. ಆದರೆ ರಸ್ತೆಯ ಕುಲುಕಾಟ ಜಾಸ್ತಿ ಗೊತ್ತಾಗುತ್ತದೆ. ಸಿಲಿಕೋನ್ ಗ್ರೀಸ್ ಹಾಕದಿದ್ದರೆ ಕಿರ್ ಅನ್ನುತ್ತದೆ. ರೇಸಿಗೆ ಹೋಗದವರಿಗೆ ನಾನು ಹೇಳುವುದು ವಿ8 ರಬ್ಬರನ್ನೇ. 1973ರಲ್ಲಿ ಬಂದ ಎಂಜಿಬಿ ಜಿಟಿ ವಿ8ಗೆ ಹಾಕಿದ ಬುಷ್ ಅದು. ಮಾಮೂಲಿ ಎಂಜಿಬಿಗೂ ಸಲೀಸಾಗಿ ಕೂರುತ್ತದೆ.

ಈ ಸಲ ಎರಡೂ ಕಡೆಯ ಬುಷ್ ಒಟ್ಟಿಗೆ ಬದಲಿಸಿ. ಆಮೇಲೆ ಟೋ-ಇನ್, ಅಂದರೆ ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಪ್ರಮಾಣ, ಅಳೆಸಿ, ಸುಮಾರು 2 ಮಿ.ಮೀ. ಇರಬೇಕು.